ದೀಪ ಹತ್ತಿದ ಮಾತ್ರಕ್ಕೆ ಕೆಲಸ ಮುಗಿಯಿತೇ?

ಮನೆಗೆ ವೈರಿಂಗ್ ಆಯಿತು, ಸ್ವಿಚ್ ಒತ್ತಿದರೆ ದೀಪ ಹತ್ತಿತು, ಫ್ಯಾನು ತಿರುಗಿತು, ವೈರ್‌ಮನ್ ಕೂಲಿ ಎಣಿಸಿಕೊಂಡು ಸೈಕಲ್ಲು ಹತ್ತಿದ. ಇನ್ನೇನು ಬೇಕು? ನಮ್ಮ ಜಿಲ್ಲೆಯ ಬಹುಪಾಲು ಮನೆಗಳಲ್ಲಿ ವಿದ್ಯುಚ್ಛಕ್ತಿಯ ಕೆಲಸಕ್ಕೆ ನಡೆಯುವ ಪರೀಕ್ಷೆ ಇಷ್ಟೇ. ಇದು ಪರೀಕ್ಷೆಯೇ ಅಲ್ಲ ಎಂಬುದನ್ನು ನಾವು ಇಲ್ಲಿ ಒತ್ತಿ ಹೇಳಬೇಕಾಗಿದೆ.

ದೀಪಕ್ಕೆ ಫೇಸ್ ತಂತಿ ಯಾವುದು, ನ್ಯೂಟ್ರಲ್ ತಂತಿ ಯಾವುದು ಎಂಬ ಭೇದವಿಲ್ಲ. ಎರಡನ್ನೂ ಅದಲುಬದಲು ಮಾಡಿದರೂ ಅದು ಉರಿಯುತ್ತದೆ. ಸ್ವಿಚ್ಚನ್ನು ಫೇಸ್ ತಂತಿಯ ಮೇಲೆ ಕೂರಿಸುವ ಬದಲು ನ್ಯೂಟ್ರಲ್ ಮೇಲೆ ಕೂರಿಸಿದರೂ ಒತ್ತಿದಾಗ ಹತ್ತುತ್ತದೆ, ತೆಗೆದಾಗ ಆರುತ್ತದೆ. ಆದರೆ ಆರಿದ ದೀಪದ ಹೋಲ್ಡರಿನೊಳಗೆ 230 ವೋಲ್ಟ್ ಹಾಗೆಯೇ ಕಾದು ಕುಳಿತಿರುತ್ತದೆ. ಬಲ್ಬು ಬದಲಿಸಲು ಸ್ಟೂಲು ಹತ್ತಿದ ಮನೆಯಾತ ಸ್ವಿಚ್ ಆರಿಸಿದ್ದೇನಲ್ಲ ಎಂದು ಧೈರ್ಯವಾಗಿ ಕೈ ಹಾಕುತ್ತಾನೆ. ಅರ್ತ್ ತಂತಿಯೇ ಇಲ್ಲದಿದ್ದರೂ ದೀಪ ಉರಿಯುತ್ತದೆ. ಗೋಡೆಯೊಳಗೆ ಕೈಯಲ್ಲಿ ತಿರುಚಿ ಟೇಪು ಸುತ್ತಿದ ಜೋಡಣೆ ಕಾಯ್ದು ಕಪ್ಪಾಗುತ್ತಿದ್ದರೂ ಉರಿಯುತ್ತದೆ. ದೀಪ ಹತ್ತುವುದು ಸುಲಭದ ಸಂಗತಿ. ಕೆಟ್ಟ ಕೆಲಸವನ್ನು ಅದು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ.

ಒಂದೇ ಒಂದು ಕಡೆ ಅದು ಸನ್ನೆ ಮಾಡುವುದುಂಟು. ಈಗಿನ ಎಲ್.ಇ.ಡಿ. ಬಲ್ಬುಗಳು ಕೆಲವು ಮನೆಗಳಲ್ಲಿ ಸ್ವಿಚ್ ಆರಿಸಿದ ಮೇಲೂ ಮಿಣುಕುಹುಳದಂತೆ ಮಂಕಾಗಿ ಬೆಳಗುತ್ತಿರುತ್ತವೆ. ಇದಕ್ಕೆ ಸ್ವಿಚ್ಚಿನಲ್ಲಿರುವ ಪುಟ್ಟ ಕೆಂಪು ದೀಪವೂ ಕಾರಣವಾಗಬಹುದು, ಅಕ್ಕಪಕ್ಕ ಉದ್ದಕ್ಕೆ ಎಳೆದ ತಂತಿಯೂ ಕಾರಣವಾಗಬಹುದು. ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುವುದೂ ಕಾರಣವಾಗಬಹುದು. ಹೊಸ ಕೆಲಸವಾದ ಮರುದಿನದಿಂದಲೇ ಇದು ಶುರುವಾಗಿದ್ದರೆ ಕೊನೆಯದನ್ನೇ ಮೊದಲು ಶಂಕಿಸಬೇಕು. ನ್ಯೂಟ್ರಲ್ ತಂತಿಯೊಂದರ ಮೇಲೆಯೇ ಸ್ವಿಚ್ಚನ್ನಾಗಲಿ ಫ್ಯೂಸನ್ನಾಗಲಿ ಇಡಕೂಡದೆಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲೇ ಹೇಳಿತ್ತು. ನಿಯಮಗಳು ಹಳೆಯವಾಗಿ, 2003ರ ಕಾಯಿದೆ ಬಂದು, ಹೊಸ ನಿಯಮಗಳೂ ಬಂದವು. ಪೇಟೆಯ ಕೆಲಸ ಮಾತ್ರ ಇನ್ನೂ ಆ ಹಳೆಯ ನಿಯಮದ ಮಟ್ಟಕ್ಕೇ ಬಂದಿಲ್ಲ.

ಪಕ್ಷದ ಕೆಲಸಕ್ಕೆ ಊರೂರು ಸುತ್ತುವ ನಮಗೆ ರೇಷನ್ ಕಾರ್ಡು, ಪಹಣಿ, ವೃದ್ಧಾಪ್ಯ ವೇತನದ ಅಹವಾಲುಗಳ ಜೊತೆಗೆ ಈಚೆಗೆ ವೈರಿಂಗ್ ಅಹವಾಲುಗಳೂ ಬರುತ್ತಿವೆ. ಮೇಷ್ಟ್ರಾಗಿದ್ದವರಿಗೆ ಎಲ್ಲವೂ ಗೊತ್ತಿರುತ್ತದೆಂಬ ನಂಬಿಕೆ ಹಳ್ಳಿಯಲ್ಲಿ ಇನ್ನೂ ಇದೆ! ಒಂದು ಹಂಚಿನ ಮನೆಯಲ್ಲಿ ಗ್ರೈಂಡರಿಗೆಂದು ಅಡಿಗೆಮನೆಯಲ್ಲಿ ಒಂದು ಪ್ಲಗ್ ಪಾಯಿಂಟ್ ಹೆಚ್ಚಿಗೆ ಹಾಕಿಸಿದ್ದರು. ಅಂದಿನಿಂದ ಹಿಂದಿನ ಎರಡು ಕೋಣೆ ಪೂರ್ತಿ ಕತ್ತಲೆ. ಮನೆಯ ಹುಡುಗ ಟೆಸ್ಟರ್ ತಂದು ಪ್ಲಗ್ಗಿನ ಒಂದು ತೂತಿಗೆ ಇಟ್ಟ, ಬೆಳಕು ಬಂತು. ಇನ್ನೊಂದಕ್ಕೆ ಇಟ್ಟ, ಅಲ್ಲೂ ಬಂತು. ಎರಡು ಕಡೆಯೂ ಕರೆಂಟಿದೆ, ದೀಪ ಮಾತ್ರ ಇಲ್ಲ. ಆ ಮನೆಯ ಅಜ್ಜಿ ನಮ್ಮನ್ನು ಕೇಳಿದ್ದು, "ಮೇಷ್ಟ್ರೇ, ಇದು ಯಾರಾದ್ರೂ ಮಾಡಿಸಿದ ಮಾಟ ಅಲ್ಲ ತಾನೇ?"

ಮಾಟವಲ್ಲ, ನ್ಯೂಟ್ರಲ್ ತುಂಡಾಗಿದೆ. ಕರೆಂಟಿಗೆ ಹೋಗುವ ದಾರಿಯೊಂದು, ಮರಳುವ ದಾರಿಯೊಂದು. ಮರಳುವ ದಾರಿ ಎಲ್ಲೋ ಕಡಿದರೆ ಫೇಸ್ ತಂತಿಯ ಒತ್ತಡ, ಸ್ವಿಚ್ ಹಾಕಿಯೇ ಇರುವ ಬಲ್ಬಿನ ಅಥವಾ ಫ್ಯಾನಿನ ಒಳಗಿಂದ ಹಾದು ಬಂದು ನ್ಯೂಟ್ರಲ್ ತಂತಿಯಲ್ಲೂ ನಿಲ್ಲುತ್ತದೆ. ಆದ್ದರಿಂದಲೇ ಎರಡು ತೂತಿನಲ್ಲೂ ಟೆಸ್ಟರ್ ಹತ್ತುತ್ತದೆ. ಆ ಕಡೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ಟೆಸ್ಟರ್ ಇಟ್ಟರೆ ಒಂದು ತೂತಿನಲ್ಲಿ ಮಾತ್ರ ಹತ್ತುತ್ತದೆ. ಹಾಗಾದರೆ ರೋಗ ಖಚಿತವಾಯಿತು. ಇನ್ನು ಕಡಿದ ಜಾಗ ಎಲ್ಲಿ? ಅದನ್ನು ಹುಡುಕಲು ಗೋಡೆ ಒಡೆಯಬೇಕಾಗಿಲ್ಲ. ಕೊನೆಗೆ ಯಾರ ಕೈ ಎಲ್ಲಿ ಬಿದ್ದಿತ್ತು ಎಂದು ಕೇಳಿದರೆ ಸಾಕು. ನ್ಯೂಟ್ರಲ್ ತಂತಿ ಒಂದು ಬೋರ್ಡಿನಿಂದ ಮುಂದಿನ ಬೋರ್ಡಿಗೆ ಸರಪಳಿಯಂತೆ ಹೋಗುತ್ತದೆ. ಅಡಿಗೆಮನೆಯ ಬೋರ್ಡು ಬಿಚ್ಚಿದಾಗ ಒಂದೇ ತೂತಿನಲ್ಲಿದ್ದ ಎರಡು ತಂತಿಗಳನ್ನು ಹೊರಗೆ ತೆಗೆದು, ತಿರುಗಿ ಹಾಕುವಾಗ ಒಂದನ್ನು ಸರಿಯಾಗಿ ಸ್ಕ್ರೂ ಬಿಗಿಯದೆ ಬಿಟ್ಟಿದ್ದರು. ಅಲ್ಲಿಂದ ಮುಂದಿನ ಕೋಣೆಗಳೆಲ್ಲ ಸತ್ತವು. ಬೇರೊಬ್ಬ ವೈರ್‌ಮನ್ ಮೇನ್ ಸ್ವಿಚ್ ಇಳಿಸಿ ಆ ಬೋರ್ಡು ತೆರೆದು ಐದು ನಿಮಿಷದಲ್ಲಿ ಸರಿಪಡಿಸಿದ. ಆ ಐದು ನಿಮಿಷದ ಕೆಲಸಕ್ಕಾಗಿ ಅವರು ಒಂಬತ್ತು ದಿನ ಮೇಣದಬತ್ತಿ ಹಚ್ಚಿದ್ದರು.

ಇದು ಒಂದು ಫೇಸಿನ ಮನೆಯ ಕಥೆ, ಕತ್ತಲೆಯಲ್ಲಿ ಮುಗಿಯಿತು. ಮೂರು ಫೇಸಿನ ಮನೆಯಲ್ಲಿ ಮೇನ್ ನ್ಯೂಟ್ರಲ್ ಸಡಿಲವಾದರೆ ಕತ್ತಲೆಯ ಬದಲು ಬೆಂಕಿಯೇ ಬರಬಹುದು. ಆಗ ಒಂದು ಕೋಣೆಯ ದೀಪ ಮಂಕಾಗುತ್ತದೆ, ಇನ್ನೊಂದು ಕೋಣೆಯ ದೀಪ ಕಣ್ಣು ಕುಕ್ಕುವಂತೆ ಉರಿಯುತ್ತದೆ, 230 ವೋಲ್ಟಿಗೆಂದು ಮಾಡಿದ ಟಿ.ವಿ., ಫ್ರಿಜ್ಜುಗಳಿಗೆ 400 ವೋಲ್ಟಿನ ಹತ್ತಿರ ಹತ್ತಿರ ಬಡಿಯುತ್ತದೆ. ಇಂಥದ್ದನ್ನು ಕಂಡ ಕ್ಷಣ ಕಾರಣ ಹುಡುಕುತ್ತ ನಿಲ್ಲದೆ ಮೇನ್ ಸ್ವಿಚ್ ಇಳಿಸಬೇಕು.

ಈಗ ನಮ್ಮ ಮುಖ್ಯ ತಕರಾರಿಗೆ ಬರೋಣ. ಈಚೆಗೆ ಹೊಸ ಮನೆಗಳಲ್ಲೂ, ಹಳೆಯ ಮನೆಗಳಿಗೆ ಹೊಸ ಪೆಟ್ಟಿಗೆ ಹಾಕಿಸುವಾಗಲೂ ಆರ್.ಸಿ.ಸಿ.ಬಿ. ಎಂಬ ಒಂದು ಸಾಧನ ಬರುತ್ತಿದೆ. ಫೇಸಿನಲ್ಲಿ ಎಷ್ಟು ಹೋಯಿತೋ ನ್ಯೂಟ್ರಲಿನಲ್ಲಿ ಅಷ್ಟೇ ಮರಳಿತೇ ಎಂದು ಸದಾ ಲೆಕ್ಕ ನೋಡುವ ಶಾನುಭೋಗ ಅದು. ಲೆಕ್ಕದಲ್ಲಿ 30 ಮಿಲಿ ಆಂಪಿಯರ್ ಕೊರತೆ ಬಿದ್ದರೆ, ಅಷ್ಟು ಕರೆಂಟು ಯಾರದೋ ಮೈಮೇಲೆ ಹಾದು ನೆಲಕ್ಕೆ ಹೋಗುತ್ತಿರಬಹುದೆಂದು ತಿಳಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಮನೆಯ ಕರೆಂಟು ಕಡಿದುಬಿಡುತ್ತದೆ. 30 ಮಿಲಿ ಆಂಪಿಯರ್ ಎಂದರೆ ಎಷ್ಟು? 9 ವಾಟಿನ ಒಂದು ಬಲ್ಬು ಎಳೆಯುವುದಕ್ಕಿಂತಲೂ ಕಡಿಮೆ. ಮನುಷ್ಯನ ಗುಂಡಿಗೆಗೆ ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಎಲ್ಲರಿಗೂ ಪರಿಚಿತವಾದ ಎಂ.ಸಿ.ಬಿ. ಈ ಕೆಲಸ ಮಾಡಲಾರದು. 16 ಆಂಪಿಯರಿನ ಎಂ.ಸಿ.ಬಿ. ಬೀಳಬೇಕಾದರೆ ಅದರ ಐನೂರು ಪಾಲಿಗೂ ಹೆಚ್ಚು ಕರೆಂಟು ಹರಿಯಬೇಕು. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಇಂಥ ಸಾಧನ ಹಾಕಿದ ಮೇಲೆ ಏನಾಗುತ್ತದೆ? ಅದು ಪದೇ ಪದೇ ಬೀಳುತ್ತದೆ. ಮನೆಯವರು ಬೇಸತ್ತು ವೈರ್‌ಮನ್ನನ್ನು ಕರೆಯುತ್ತಾರೆ. ಆತ ಬಂದು, "ಇದೊಂದು ಶನಿ ಸಾರ್, ಇದು ಇದ್ರೆ ಹಿಂಗೇ" ಎಂದು ಎರಡು ತುಂಡು ತಂತಿಯಿಂದ ಅದನ್ನು ಬಳಸಿ ಹಾದುಹೋಗುವಂತೆ ಮಾಡಿ ಹೋಗುತ್ತಾನೆ. ಮನೆಯವರಿಗೆ ಸಂತೋಷ. ಪೆಟ್ಟಿಗೆಯಲ್ಲಿ ಸಾಧನವೂ ಇದೆ, ಕರೆಂಟೂ ಹೋಗುವುದಿಲ್ಲ! ಕಳ್ಳನನ್ನು ಕಂಡು ಬೊಗಳಿದ ನಾಯಿಯ ಬಾಯಿಗೆ ಹಗ್ಗ ಕಟ್ಟಿದಂತಾಯಿತು. ಕಳೆದ ಮಳೆಗಾಲದಿಂದ ಈಚೆಗೆ ಇಂಥ ಮನೆಗಳನ್ನು ನಾವು ಒಂದಲ್ಲ, ಹಲವು ನೋಡಿದ್ದೇವೆ.

ಅದು ಬೀಳುವುದಕ್ಕೆ ಕಾರಣವಿರುತ್ತದೆ, ಕಾರಣ ಸಿಗುತ್ತದೆ. ಮೊದಲು ಮನೆಯ ಪ್ಲಗ್ಗುಗಳನ್ನೆಲ್ಲ ಕೀಳಬೇಕು. ಎಂ.ಸಿ.ಬಿ.ಗಳನ್ನೆಲ್ಲ ಇಳಿಸಿ ಆರ್.ಸಿ.ಸಿ.ಬಿ.ಯನ್ನು ಏರಿಸಬೇಕು. ಆಮೇಲೆ ಎಂ.ಸಿ.ಬಿ.ಗಳನ್ನು ಒಂದೊಂದಾಗಿ ಏರಿಸುತ್ತ ಬಂದರೆ ಯಾವುದನ್ನು ಏರಿಸಿದಾಗ ಬಿತ್ತೋ ಆ ದಾರಿಯಲ್ಲಿ ದೋಷವಿದೆ ಎಂದರ್ಥ. ಎಲ್ಲವನ್ನೂ ಏರಿಸಿದರೂ ನಿಂತು, ಯಾವುದೋ ಒಂದು ಸಾಮಾನು ಚುಚ್ಚಿದಾಗ ಮಾತ್ರ ಬಿದ್ದರೆ, ಅದೇ ಸಾಮಾನನ್ನು ಇಂಥದೇ ಸಾಧನವಿರುವ ನೆರೆಮನೆಯಲ್ಲಿ ಹಾಕಿ ನೋಡಬಹುದು. ಅಲ್ಲೂ ಬಿದ್ದರೆ ಸಾಮಾನು ಕೆಟ್ಟಿದೆ. ಅಲ್ಲಿ ನಿಂತರೆ ತಪ್ಪು ನಮ್ಮ ಗೋಡೆಯಲ್ಲಿದೆ. ಎಂ.ಸಿ.ಬಿ.ಗಳನ್ನೆಲ್ಲ ಇಳಿಸಿದ ಮೇಲೂ ಒಮ್ಮೊಮ್ಮೆ ಬೀಳುವುದುಂಟು. ಇದನ್ನು ಕಂಡು ಸಾಧನವೇ ಕೆಟ್ಟಿದೆ ಎನ್ನುವವರು ಬಹಳ. ಸಾಮಾನ್ಯ ಎಂ.ಸಿ.ಬಿ. ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಹಾಗೆಯೇ ಕೂಡಿಕೊಂಡಿರುತ್ತದೆ. ಆ ನ್ಯೂಟ್ರಲ್ ಎಲ್ಲಾದರೂ ಅರ್ತ್ ತಂತಿಗೆ ತಾಕುತ್ತಿದ್ದರೆ ಇದೇ ಪರಿಣಾಮ.

ಕೆಲಸವಾದ ಮೇಲೆ ಹುಟ್ಟುವ ತೊಂದರೆಗಳಲ್ಲಿ ನಾವು ಹೆಚ್ಚಾಗಿ ಕಂಡದ್ದು ಎರವಲು ನ್ಯೂಟ್ರಲಿನದು. ಹೊಸ ಪಾಯಿಂಟಿಗೆ ಫೇಸನ್ನು ಒಂದು ದಾರಿಯಿಂದ ತಂದು, ತಂತಿ ಉಳಿಸಲು ನ್ಯೂಟ್ರಲನ್ನು ಪಕ್ಕದ ಇನ್ನೊಂದು ದಾರಿಯಿಂದ ಹಿಡಿದುಬಿಡುತ್ತಾರೆ. ಹೋಗುವುದು ಈ ಶಾನುಭೋಗನ ಮುಂದಿನಿಂದ, ಮರಳುವುದು ಬೇರೆ ಹಿತ್ತಿಲಿನಿಂದ. ಲೆಕ್ಕ ತಪ್ಪದೆ ಇರುತ್ತದೆಯೇ? ಹಿಂದೆ ಲೆಕ್ಕ ನೋಡುವವನೇ ಇರಲಿಲ್ಲವಾದ್ದರಿಂದ ಇದು ಬೆಳಕಿಗೆ ಬರಲಿಲ್ಲ. ತಪ್ಪು ಹಳೆಯದು, ಕಂಡದ್ದು ಈಗ.

ಅರ್ತ್ ವಿಷಯ ಹೇಳಲು ಹೊರಟರೆ ಈ ಪುಟ ಸಾಲದು. ಮೂರು ತೂತಿನ ಪ್ಲಗ್ ಹಾಕಿರುತ್ತಾರೆ, ಮೇಲಿನ ದೊಡ್ಡ ತೂತಿಗೆ ತಂತಿಯೇ ಇರುವುದಿಲ್ಲ. ಇನ್ನು ಕೆಲವು ಬುದ್ಧಿವಂತರು ಆ ತೂತನ್ನು ಪಕ್ಕದ ನ್ಯೂಟ್ರಲಿಗೇ ಸೇರಿಸಿ ಅರ್ತ್ ಆಯಿತು ಎನ್ನುತ್ತಾರೆ. ಇದು ಅರ್ತ್ ಇಲ್ಲದಿರುವುದಕ್ಕಿಂತಲೂ ಕೇಡು. ಮೊದಲು ಹೇಳಿದಂತೆ ನ್ಯೂಟ್ರಲ್ ಎಲ್ಲಾದರೂ ಕಡಿದರೆ, ಯಾವ ದೋಷವೂ ಇಲ್ಲದ ಫ್ರಿಜ್ಜಿನ, ಇಸ್ತ್ರಿಪೆಟ್ಟಿಗೆಯ ಕಬ್ಬಿಣದ ಮೈಗೆಲ್ಲ 230 ವೋಲ್ಟ್ ಬರುತ್ತದೆ. ಹಿಂದೆ ನೀರಿನ ಕಬ್ಬಿಣದ ಕೊಳಾಯಿಗೆ ಅರ್ತ್ ತಂತಿ ಕಟ್ಟುತ್ತಿದ್ದರು. ಈಗ ಕೊಳಾಯಿಗಳೆಲ್ಲ ಪ್ಲಾಸ್ಟಿಕ್ಕಾದವು. ಹಳೆಯ ಕಟ್ಟು ಅಲ್ಲೇ ಇದೆ, ಅದು ನೆಲ ಮುಟ್ಟುವುದಿಲ್ಲ. ಬಚ್ಚಲಿನ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಹೆಂಗಸರು ಹೇಳಿದಾಗ ಮನೆಯ ಗಂಡಸರು ನಕ್ಕು ಸುಮ್ಮನಾಗುತ್ತಾರೆ. ಆ ಜುಮ್ಮೆನ್ನುವುದೇ ಕೊನೆಯ ಎಚ್ಚರಿಕೆ. ಮಲೆನಾಡಿನ ಮಳೆಯಲ್ಲಿ ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯನ್ನು ಸರ್ವಿಸ್ ವೈರು ಹಾದುಹೋಗುವ ಕಂಬಕ್ಕೋ ತಗಡಿನ ಸೂರಿಗೋ ಕಟ್ಟಿದ ಮನೆಗಳು ಎಷ್ಟಿಲ್ಲ? ಹಗ್ಗಕ್ಕೆ ಎಷ್ಟು ದುಡ್ಡು ಬೀಳುತ್ತದೆ?

ವಿದ್ಯುತ್ ತಗುಲಿ ಸತ್ತವರ ಸಂಖ್ಯೆ ನಮ್ಮ ದೇಶದಲ್ಲಿ 2019, 2020, 2021ರ ಪ್ರತಿಯೊಂದು ವರ್ಷವೂ 10,000ವನ್ನು ಮೀರಿತ್ತೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕವಿದೆ. ಹೊಲದಲ್ಲಿ ಹರಿದುಬಿದ್ದ ತಂತಿ, ಪಂಪ್‌ಸೆಟ್ಟು ಎಲ್ಲವೂ ಇದರಲ್ಲಿ ಸೇರಿದೆ, ಎಲ್ಲರೂ ಮನೆಯೊಳಗೆ ಸತ್ತವರಲ್ಲ. ಹಾಗಿದ್ದರೂ ಇದು ಸಣ್ಣ ಸಂಖ್ಯೆಯಲ್ಲ.

ಹಾಗಾದರೆ ತಪ್ಪು ವೈರ್‌ಮನ್ನನದೇ? ಮಧ್ಯಮ ವರ್ಗದ ಮನೆಗಳ ಜಗಲಿಯಲ್ಲಿ ಕುಳಿತರೆ ಈ ತೀರ್ಪು ಸಲೀಸಾಗಿ ಸಿಗುತ್ತದೆ. "ಈಗಿನ ಹುಡುಗರಿಗೆ ಕೆಲಸದ ಮೇಲೆ ನಿಗಾ ಇಲ್ಲ." ನಾವು ಇದನ್ನು ಒಪ್ಪುವುದಿಲ್ಲ. ಹನ್ನೆರಡು ವರ್ಷ ಈ ಕೆಲಸ ಮಾಡಿದ ಒಬ್ಬ ವೈರ್‌ಮನ್ ನಮಗೆ ಹೇಳಿದ ಮಾತು ಇದು: "ಪಾಯಿಂಟ್ ಲೆಕ್ಕಕ್ಕೆ ದುಡ್ಡು ಕೊಡ್ತಾರೆ ಮೇಷ್ಟ್ರೇ. ಇಷ್ಟು ಪಾಯಿಂಟಿಗೆ ಇಷ್ಟು. ಚೆಕ್ ಮಾಡೋದು ಯಾವ ಪಾಯಿಂಟು? ಅದಕ್ಕೆ ಯಾರು ಕೊಡ್ತಾರೆ?" ಈ ಪ್ರಶ್ನೆಗೆ ಮನೆ ಕಟ್ಟಿಸುವವರೂ ಉತ್ತರ ಕೊಡಬೇಕು, ಗುತ್ತಿಗೆದಾರರೂ ಉತ್ತರ ಕೊಡಬೇಕು. ಐ.ಟಿ.ಐ.ನಲ್ಲಿ ಎರಡು ವರ್ಷ ಕಲಿತು ಬಂದ ಹುಡುಗನಿಗೆ ಮೆಗ್ಗರ್ ಹಿಡಿಯಲು ಬರುತ್ತದೆ. 500 ವೋಲ್ಟಿನ ಒತ್ತಡ ಕೊಟ್ಟು ತಂತಿಯ ಹೊದಿಕೆ ಎಲ್ಲಾದರೂ ಸೋರುತ್ತಿದೆಯೇ ಎಂದು ಅಳೆಯುವ ಆ ಉಪಕರಣ ಅವನ ಕೈಗೆ ಕೊಡುವವರಿಲ್ಲ. ದೊಡ್ಡ ಗುತ್ತಿಗೆದಾರ ಸಣ್ಣ ಗುತ್ತಿಗೆದಾರನಿಗೆ, ಅವನು ಮೇಸ್ತ್ರಿಗೆ, ಮೇಸ್ತ್ರಿ ಈ ಹುಡುಗನಿಗೆ. ಮೇಲಿನಿಂದ ಕೆಳಗೆ ಇಳಿಯುವಾಗ ದುಡ್ಡು ಸೋರುತ್ತ ಬಂದು, ಕೊನೆಗೆ ಉಳಿದದ್ದರಲ್ಲಿ ತಂತಿಯ ದಪ್ಪವೂ ಕಡಿಮೆಯಾಗುತ್ತದೆ, ಅರ್ತ್ ಗುಂಡಿಯೂ ಮಾಯವಾಗುತ್ತದೆ. ಗಿಲಾಯಿ ಆದ ಮೇಲೆ ಗೋಡೆಯೊಳಗೆ ಏನಿದೆಯೆಂದು ನೋಡುವವರು ಯಾರು?

ಕಾನೂನು ಇದನ್ನು ಹೀಗೆ ಬಿಟ್ಟಿಲ್ಲ. ವೈರಿಂಗ್ ಕೆಲಸವನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರರೇ, ಅರ್ಹತಾಪತ್ರವಿರುವ ಮೇಲ್ವಿಚಾರಕರ ಕಣ್ಣೆದುರಿನಲ್ಲಿ ಮಾಡಿಸಬೇಕು. ನಮ್ಮ ರಾಜ್ಯದಲ್ಲಿ ಈ ಲೈಸೆನ್ಸು, ಪರ್ಮಿಟ್ಟುಗಳನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕೆಲಸ ಮುಗಿದ ಮೇಲೆ ಪರೀಕ್ಷೆಯ ಅಂಕಿಗಳನ್ನು ಬರೆದ ವರದಿಯನ್ನು ಸಹಿ ಮಾಡಿ ಕೊಡಬೇಕು. ಅದನ್ನು ನೋಡಿ, ಸೋರಿಕೆ ಇಲ್ಲವೆಂದು ಮನವರಿಕೆಯಾದ ಮೇಲೆಯೇ ಕರೆಂಟು ಕೊಡಬೇಕು. ನಮ್ಮ ಜನ ಇಂದಿಗೂ "ಕೆ.ಇ.ಬಿ.ಯವರು" ಎನ್ನುತ್ತಾರೆ. ಮಂಡಳಿ ಹೋಗಿ 1999ರಲ್ಲಿ ನಿಗಮವಾಯಿತು, 2002ರಲ್ಲಿ ಹಂಚಿಕೆಯ ಕಂಪನಿಗಳಾದವು, ಹೆಸರು ಮಾತ್ರ ನಾಲಗೆ ಬಿಟ್ಟಿಲ್ಲ. ಆದರೆ ನಾವು ನೋಡಿದ ಮನೆಗಳಲ್ಲಿ ಆ ವರದಿ ಎಂಬುದು ಅರ್ಜಿಯ ಜೊತೆಗೆ ಲಗತ್ತಿಸುವ ಒಂದು ಕಾಗದವಷ್ಟೇ. ಸಹಿ ಹಾಕಿದವರು ಆ ಮನೆಯ ಹೊಸ್ತಿಲು ತುಳಿದಿಲ್ಲ. ಮನೆಯ ಯಜಮಾನನಿಗೆ ಅದರ ಪ್ರತಿಯೂ ಸಿಕ್ಕಿಲ್ಲ. ಆಮೇಲೆ ದೋಷ ಕಂಡು ಕಂಪನಿಯ ಲೈನ್‌ಮನ್ನನನ್ನು ಕರೆದರೆ, ಮೀಟರಿನಿಂದ ಆಚೆಗಿನದು ನಮ್ಮದಲ್ಲ ಎನ್ನುತ್ತಾರೆ. ಅದು ನಿಜವೂ ಹೌದು. ಮೀಟರಿನ ಈಚೆಗಿನದೆಲ್ಲ ಬಳಕೆದಾರನ ಹೊಣೆ. ಹೊಣೆ ಹೊತ್ತವನ ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲ!

ಬಡವರ ಮನೆಗಳ ಸ್ಥಿತಿ ಇನ್ನೂ ಬೇರೆ. ಭಾಗ್ಯಜ್ಯೋತಿಯಲ್ಲಿ ಒಂದು ಬಲ್ಬಿಗೆಂದು ಎಳೆದ ತಂತಿ. 2017ರ ಸೌಭಾಗ್ಯ ಯೋಜನೆಯಲ್ಲೂ ಮನೆಯೊಳಗೆ ಕೊಟ್ಟದ್ದು ಒಂದೇ ಪಾಯಿಂಟಿನ ವೈರಿಂಗ್. 2023ರಲ್ಲಿ ಗೃಹಜ್ಯೋತಿ ಬಂದು ತಿಂಗಳಿಗೆ 200 ಯೂನಿಟ್ಟಿನವರೆಗೆ ಬಿಲ್ಲಿನ ಭಯ ತಗ್ಗಿತು. ಒಳ್ಳೆಯದೇ ಆಯಿತು. ಮಿಕ್ಸಿ ಬಂತು, ಟಿ.ವಿ. ಬಂತು, ಸೌದೆ ಒಲೆಯ ಬದಲು ನೀರು ಕಾಯಿಸುವ ಕಾಯಿಲ್ ಬಂತು. ಹಿಂದಿನ 40 ವಾಟ್ ಬಲ್ಬು ಎಳೆಯುತ್ತಿದ್ದುದು ಒಂದು ಆಂಪಿಯರಿನ ಐದನೆಯ ಒಂದು ಪಾಲಿಗಿಂತ ಕಡಿಮೆ. 1,500 ವಾಟಿನ ಕಾಯಿಲ್ ಎಳೆಯುವುದು ಆರೂವರೆ ಆಂಪಿಯರ್. ಅದೇ ಹಳೆಯ ತಂತಿಗೆ, ಅದೇ ಹೋಲ್ಡರಿನಿಂದ ಜೋಡಣೆ. ಫ್ಯೂಸ್ ಹೋದರೆ ಒಂದೆಳೆಯ ಬದಲು ಮೂರೆಳೆ ತಾಮ್ರ ಸುತ್ತುತ್ತಾರೆ. ಆಗ ಫ್ಯೂಸಿನ ಬದಲು ಗೋಡೆಯ ತಂತಿಯೇ ಉರಿಯಬೇಕು. ಕರೆಂಟನ್ನು ಪುಕ್ಕಟೆ ಕೊಡುವ ಸರ್ಕಾರ ಅದನ್ನು ಹೊರುವ ತಂತಿಯನ್ನೂ ಅರ್ತನ್ನೂ ಯೋಚಿಸಬೇಡವೇ? ವಸತಿ ಯೋಜನೆಯ ಪ್ರತಿ ಮನೆಯ ಅಂದಾಜು ಪಟ್ಟಿಯಲ್ಲಿ ಅರ್ತ್ ಗುಂಡಿಗೆ, ಆರ್.ಸಿ.ಸಿ.ಬಿ.ಗೆ, ಪರೀಕ್ಷೆಯ ಕೂಲಿಗೆ ಬೇರೆ ಬೇರೆ ಸಾಲು ಇರಬೇಕೆಂಬುದು ನಮ್ಮ ಬೇಡಿಕೆ. ಪರೀಕ್ಷೆಯ ವರದಿ ಕನ್ನಡದಲ್ಲಿ ಬರೆದು ಮನೆಯೊಡತಿಯ ಕೈಗೆ ಕೊಡಬೇಕು. ಅದು ಬರುವವರೆಗೆ ಗುತ್ತಿಗೆದಾರನ ಕೊನೆಯ ಕಂತು ತಡೆಹಿಡಿಯಬೇಕು.

ಸ್ವಂತ ದುಡ್ಡಿನಲ್ಲಿ ಕೆಲಸ ಮಾಡಿಸುವವರಿಗೂ ಒಂದು ಮಾತು. ಪಾಯಿಂಟಿನ ದರ ಚೌಕಾಸಿ ಮಾಡುವಾಗ ಅರ್ಧ ದಿನದ ಕೂಲಿಯನ್ನು ಪರೀಕ್ಷೆಗೆಂದೇ ಬೇರೆ ತೆಗೆದಿಡಿ. ಗಿಲಾಯಿ ಆಗುವ ಮುಂಚೆ ಗೋಡೆಯ ಪೈಪುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿ, ಮುಂದೆ ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬರುತ್ತದೆ. ಕೆಂಪು, ಹಳದಿ, ನೀಲಿ ತಂತಿಗಳು ಫೇಸಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಅರ್ತಿಗೆ. ಕೈಗೆ ಸಿಕ್ಕಿದ ಬಣ್ಣದ ತಂತಿ ಎಳೆದರೆ ಒಪ್ಪಬೇಡಿ, ಹತ್ತು ವರ್ಷದ ಮೇಲೆ ಬೋರ್ಡು ಬಿಚ್ಚುವ ಇನ್ನೊಬ್ಬ ಬಡ ವೈರ್‌ಮನ್ನನ ಜೀವ ಅದರಲ್ಲಿದೆ. ಆರ್.ಸಿ.ಸಿ.ಬಿ.ಯ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಬಿದ್ದರೆ ಯಂತ್ರ ಸರಿಯಿದೆ, ಆದರೆ ಅರ್ತ್ ಸರಿಯಿದೆಯೆಂದು ಅದರಿಂದ ತಿಳಿಯುವುದಿಲ್ಲ. ಇದೆಲ್ಲ ತಿಳಿದುಕೊಂಡವರು ತಾವೇ ಸ್ಕ್ರೂಡ್ರೈವರ್ ಹಿಡಿದು ಬೋರ್ಡು ಬಿಚ್ಚಬೇಕೆಂದು ನಾವು ಹೇಳುತ್ತಿಲ್ಲ. ಸ್ವಿಚ್ಚು, ಪ್ಲಗ್ಗು, ಎಂ.ಸಿ.ಬಿ.ಯ ಹಿಡಿ, ಇಷ್ಟಕ್ಕೆ ನಮ್ಮ ಕೈ ನಿಲ್ಲಬೇಕು. ಗೋಡೆ ಒದ್ದೆಯಾಗಿದ್ದರೆ ಅಷ್ಟೂ ಬೇಡ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮನೆಯ ವೈರಿಂಗಿನ ಪಾಠವಿದೆ. ಪ್ರತಿ ವರ್ಷ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ತಮ್ಮ ಮನೆಯ ಮೇನ್ ಸ್ವಿಚ್ ಎಲ್ಲಿದೆಯೆಂದು ಕೇಳಿದರೆ ಕೆಲವರಿಗೆ ಗೊತ್ತಿರುವುದಿಲ್ಲ. ಶಾಲೆಯ ಮೇಷ್ಟರುಗಳು ಒಂದು ಪೀರಿಯಡ್ಡನ್ನು ಇದಕ್ಕೆ ಕೊಟ್ಟರೆ ಸಿಲಬಸ್ಸು ಹಿಂದೆ ಬೀಳುವುದಿಲ್ಲ.

ನಮ್ಮ ಪಟ್ಟಣದ ಹೊರವಲಯದ ಒಂದು ಬಡಾವಣೆಯಲ್ಲಿ ಸರ್ಕಾರಿ ಗುತ್ತಿಗೆಯಲ್ಲಿ ಕಟ್ಟಿದ ಮನೆಗಳ ಒಂದು ಸಾಲಿನಲ್ಲಿ ಎಲ್ಲೂ ಅರ್ತ್ ಗುಂಡಿ ಇಲ್ಲ. ಪ್ಲಗ್ಗುಗಳಲ್ಲಿ ಹಸಿರು ತಂತಿ ಇದೆ, ಗೋಡೆಯ ಹೊರಗೆ ಬಂದು ಸುರುಳಿ ಸುತ್ತಿಕೊಂಡು ನೇತಾಡುತ್ತಿದೆ. ಅಲ್ಲಿನ ನಿವಾಸಿಗಳು ಸಹಿ ಮಾಡಿದ ಮನವಿಯನ್ನು ಸಂಬಂಧಪಟ್ಟ ಕಚೇರಿಗೆ ಕೊಟ್ಟು ರಸೀತಿ ಪಡೆದಿದ್ದಾರೆ. ಅಂದಾಜು ಪಟ್ಟಿಯ ಮತ್ತು ಪರೀಕ್ಷಾ ವರದಿಯ ಪ್ರತಿಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಬೇರೆಯಾಗಿ ಕೇಳಿದ್ದಾರೆ. ಮೂವತ್ತು ದಿನದ ಗಡುವು ನಡೆಯುತ್ತಿದೆ. ವರದಿ ಸಿಕ್ಕಿದರೆ ಅದರಲ್ಲಿ ಅರ್ತಿನ ಅಂಕಿ ಎಷ್ಟೆಂದು ಬರೆದಿದ್ದಾರೋ ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.